ಮುತ್ತು ಅಂದರೆ ಸಾಲದು, ಯಾವ ಮುತ್ತು ಅಂತ ಕೇಳ್ರಿ!

ಕೊಪ್ಪಳ: ಲಗ್ನದ ಹಂಗಾಮು ಬಂತೆಂದರೆ ನಮ್ಮ ಜಿಲ್ಲೆಯ ಬಂಗಾರದ ಅಂಗಡಿಗಳಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಗಂಗಾವತಿ ಕಡೆಯವರ ಕೈಯಲ್ಲಿ ಭತ್ತದ ರೊಕ್ಕ ಇರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯವರು ಕಡಲೆ, ಜೋಳ ಮಾರಿ ಬಂದಿರುತ್ತಾರೆ. ಅವ್ವ, ಅತ್ತಿ, ಚಿಗವ್ವ ಎಲ್ಲರೂ ಕೂಡಿಯೇ ಅಂಗಡಿ ಮೆಟ್ಟಿಲು ಹತ್ತುತ್ತಾರೆ. ಬಂಗಾರದ ವಿಷಯದಲ್ಲಿ ನಮ್ಮ ಜನ ಬಲು ಹುಷಾರು. ಇವತ್ತಿನ ದರ ಬಸ್ಸಿನಲ್ಲೇ ಕೇಳಿಕೊಂಡು ಬಂದಿರುತ್ತಾರೆ. ತಕ್ಕಡಿಯ ಮುಳ್ಳು ಅಲುಗಿದರೂ ಕಣ್ಣು ಅಲ್ಲೇ ಇರುತ್ತದೆ. ಮಜೂರಿಗಾಗಿ ಒಂದು ತಾಸು ಚೌಕಾಸಿ ನಡೆಯುತ್ತದೆ.

ಅದೇ ಜನ ಪಕ್ಕದ ಟ್ರೇಗೆ ಕೈ ಹಾಕಿ ಮುತ್ತಿನ ಸರ ಎತ್ತಿಕೊಂಡರು ಅನ್ನಿ. ಆ ಹುಷಾರಿಕೆ ಎಲ್ಲಿ ಹೋಗುತ್ತದೋ ತಿಳಿಯದು! ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ಇಷ್ಟೇ:

“ಇದು ಮುತ್ತೇನ್ರಿ?”

“ಹೌದ್ರಿ ಅಕ್ಕಾರ, ಮುತ್ತು.”

“ಸಾಚಾ ಐತಿ?”

“ಒಂದನೇ ನಂಬರ್ ಮಾಲ್ ರೀ. ಹೈದರಾಬಾದಿಂದು.”

ಇಷ್ಟಾದರೆ ವ್ಯಾಪಾರ ಮುಗಿದಂತೆ. ಈ ಮಾತುಕತೆಯಲ್ಲಿ ಅಂಗಡಿಯವರು ಸುಳ್ಳು ಹೇಳಿದರೇ? ಇಲ್ಲ. ಗಿರಾಕಿಗೆ ಏನಾದರೂ ತಿಳಿಯಿತೇ? ಅದೂ ಇಲ್ಲ. ಕಡಲಿನಲ್ಲಿ ತಾನಾಗಿ ಹುಟ್ಟಿದ್ದೂ ಮುತ್ತೇ, ಚೀನಾದ ಕೆರೆಯಲ್ಲಿ ಬೆಳೆಸಿದ್ದೂ ಮುತ್ತೇ. ಗಾಜಿನ ಮಣಿಗೆ ಬಣ್ಣ ಬಳಿದದ್ದಕ್ಕೂ ನಮ್ಮ ಬಾಯಲ್ಲಿ ಮುತ್ತು ಅಂತಲೇ ಹೆಸರು. ಒಂದರ ಬೆಲೆಗೂ ಇನ್ನೊಂದರ ಬೆಲೆಗೂ ಆಕಾಶ-ಭೂಮಿಯ ಅಂತರ. ಬಂಗಾರದ ದರ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಮುತ್ತಿನ ದರ ಬರುವುದಿಲ್ಲ. ಯಾಕೆ ಬರುವುದಿಲ್ಲ ಅಂದರೆ, ಮುತ್ತು ಅನ್ನುವುದು ಒಂದೇ ಮಾಲಲ್ಲ.

ಹೆಸರು ಒಂದು, ಮಾಲು ಹತ್ತು

ನಮ್ಮ ಭಾಗದಲ್ಲಿ ದುಂಡಗೆ ಬೆಳ್ಳಗೆ ಇದ್ದದ್ದೆಲ್ಲಾ ಮುತ್ತು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಕ್ಕಳು ಹಟ ಹಿಡಿದು ಕೊಳ್ಳುವ ಪ್ಲಾಸ್ಟಿಕ್ ಸರವೂ ಮುತ್ತಿನ ಸರ. ಕುಬಸದ ಅಂಚಿಗೆ ಹೊಲಿಯುವ ಮಣಿಯೂ ಮುತ್ತು. ಅಜ್ಜಿಯ ಬುಗುಡಿಯಲ್ಲಿ, ನತ್ತಿನಲ್ಲಿ ಕೂತದ್ದೂ ಮುತ್ತು. ದೇವದಾಸಿ ಬಿಡುವ ಅನಿಷ್ಟ ಪದ್ಧತಿಗೂ ನಮ್ಮಲ್ಲಿ ‘ಮುತ್ತು ಕಟ್ಟುವುದು’ ಅಂತಲೇ ಹೆಸರು. 1982ರ ರಾಜ್ಯ ಕಾನೂನು ಅದನ್ನು ಅಪರಾಧ ಅಂತ ಸಾರಿತು. ಅಲ್ಲಿ ಕೊರಳಿಗೆ ಬೀಳುವುದೂ ಕಡಲಿನ ಮುತ್ತಲ್ಲ, ಕೆಂಪು-ಬಿಳಿ ಮಣಿಗಳ ಸರ.

ಹಿಂದಿನವರಿಗೆ ‘ಯಾವ ಮುತ್ತು’ ಅಂತ ಕೇಳುವ ಪ್ರಸಂಗ ಇಷ್ಟು ಬರುತ್ತಿರಲಿಲ್ಲ. ನಮ್ಮ ಆನೆಗೊಂದಿಯ ಎದುರಿನ ದಂಡೆಯಲ್ಲೇ ವಿಜಯನಗರದ ಪೇಟೆ ಇತ್ತು. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯನ್ ರಾಯಭಾರಿ ಅಬ್ದುಲ್ ರಜಾಕ್, ಪೇಟೆಯಲ್ಲಿ ಮುತ್ತು, ಮಾಣಿಕ್ಯ, ವಜ್ರ, ಪಚ್ಚೆಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಕಾಲದ ಅಸಲಿ ಮುತ್ತೆಂದರೆ ಕಡಲಿಗೆ ಮುಳುಗಿ ತಂದ ಮುತ್ತು. ಬೆಳೆಸಿದ ದುಂಡು ಮುತ್ತು ಲೋಕದ ಪೇಟೆಗೆ ಬಂದು ಇನ್ನೂ ನೂರು ವರ್ಷದ ಆಚೀಚೆ ಆಗಿದೆ. ಮಾಲು ಬದಲಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. ತೊಡಕು ಇರುವುದೇ ಅಲ್ಲಿ.

ಸ್ವಾತಿ ಮಳೆಯ ಹನಿಯಲ್ಲ

ಸ್ವಾತಿ ಮಳೆಯ ಹನಿ ಸಿಂಪಿಯ ಬಾಯಲ್ಲಿ ಬಿದ್ದರೆ ಮುತ್ತಾಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಕೇಳಲು ಚೆಂದ. ವಿಜ್ಞಾನ ಹೇಳುವುದು ಬೇರೆ. ಸಿಂಪಿ ಅಥವಾ ಕಪ್ಪೆಚಿಪ್ಪಿನೊಳಗಿನ ಜೀವಿಯ ಮೆತ್ತನೆಯ ಮೈಗೆ ಗಾಯವಾಗುತ್ತದೆ, ಇಲ್ಲವೇ ಹುಳದಂಥದ್ದು ಒಳಗೆ ಸೇರಿಕೊಳ್ಳುತ್ತದೆ. ಆಗ ಆ ಜೀವಿ ತನ್ನ ರಕ್ಷಣೆಗಾಗಿ ಅದರ ಸುತ್ತ ಹೊಳೆಯುವ ಪದರ ಸುತ್ತುತ್ತದೆ. ಒಂದರ ಮೇಲೊಂದು ಪದರ, ಥೇಟ್ ಉಳ್ಳಾಗಡ್ಡಿಯ ಹಾಗೆ. ಕಾಲ ಕಳೆದಂತೆ ಅದೇ ಮುತ್ತಾಗುತ್ತದೆ.

ಆ ಪದರದಲ್ಲಿ ಬಹುಪಾಲು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಸುಣ್ಣದ ಕಲ್ಲಿನ ವಸ್ತುವೇ. ಅದನ್ನು ಹಿಡಿದಿಡಲು ಅಂಟಿನಂಥ ಜೈವಿಕ ಪದಾರ್ಥ ಸ್ವಲ್ಪ ಇರುತ್ತದೆ. ಮುತ್ತು ವಜ್ರದ ಹಾಗೆ ಗಟ್ಟಿ ಕಲ್ಲಲ್ಲ, ಮೆತ್ತನೆಯದು. ಹುಳಿ ತಾಗಿದರೆ ಕರಗುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮೊದಲನೆಯದು: ತಾನಾಗಿ ಹುಟ್ಟಿದ ಮುತ್ತು

ಮನುಷ್ಯನ ಕೈ ತಾಗದೆ ಹುಟ್ಟಿದ್ದು ಇದು. ನೂರಾರು ಸಿಂಪಿ ಒಡೆದರೂ ಒಂದು ಒಳ್ಳೆಯ ಮುತ್ತು ಸಿಕ್ಕೀತು ಎನ್ನುವಂತಿಲ್ಲ. ನಮ್ಮವರು ‘ಬಸರಾ ಮುತ್ತು’ ಅನ್ನುವುದು ಇದನ್ನೇ. ಬಸರಾ ಇರಾಕಿನ ಊರು. ಅಲ್ಲಿ ಮುತ್ತು ಹುಟ್ಟುತ್ತಿರಲಿಲ್ಲ, ಅದು ವ್ಯಾಪಾರದ ಬಂದರು. ಮುತ್ತು ಬರುತ್ತಿದ್ದುದು ಬಹರೈನ್ ಸುತ್ತಲಿನ ಪರ್ಷಿಯನ್ ಕೊಲ್ಲಿಯಿಂದ. ನಮ್ಮ ದೇಶದಲ್ಲಿ ತಮಿಳುನಾಡಿನ ತೂತ್ತುಕುಡಿ ಕಡಲು ಇದಕ್ಕೆ ಹೆಸರುವಾಸಿಯಾಗಿತ್ತು. ಅಲ್ಲಿ ಮುತ್ತಿನ ಸಿಂಪಿ ತೆಗೆಯುವ ದೊಡ್ಡ ಕೆಲಸ ಕೊನೆಯ ಸಲ ನಡೆದದ್ದು 1961ರಲ್ಲಿ.

ಈ ಮುತ್ತಿನ ವೈಭವ ನೋಡಬೇಕೆಂದರೆ ಹೈದರಾಬಾದ್ ನಿಜಾಮರ ಒಡವೆಗಳನ್ನು ನೋಡಬೇಕು. ಅವುಗಳಲ್ಲಿ ‘ಸತ್‌ಲಡಾ’ ಅನ್ನುವ ಏಳೆಳೆಯ ಹಾರವೊಂದಿದೆ. ಅದಕ್ಕೆ 465 ಬಸರಾ ಮುತ್ತು. ಅಂಥ 173 ಒಡವೆಗಳನ್ನು ಭಾರತ ಸರ್ಕಾರ 1995ರಲ್ಲಿ 218 ಕೋಟಿ ರೂಪಾಯಿ ಕೊಟ್ಟು ಕೊಂಡುಕೊಂಡಿತು. ನಮಗೂ ಆ ಸೀಮೆಗೂ ಹಳೆಯ ನಂಟು. 1948ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಹೈದರಾಬಾದ್ ಸಂಸ್ಥಾನದೊಳಗೇ ಇದ್ದವು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದಿನ ಮುತ್ತು ಅಂದರೆ ನಮ್ಮ ಹಿರಿಯರ ಮುಖ ಅರಳುವುದು ಸುಮ್ಮನೆ ಅಲ್ಲ.

ಇವತ್ತು ಅಂಗಡಿಯ ಟ್ರೇಯಲ್ಲಿ ಕೈಗೆಟುಕುವ ಬೆಲೆಗೆ ಸಿಗುವ ಸರ ಬಸರಾ ಮುತ್ತಿನದೇ? ಆ ಆಸೆ ಬಿಟ್ಟುಬಿಡ್ರಿ. ನಿಜವಾದ ಬಸರಾ ಮುತ್ತು ಈಗ ಹಳೆಯ ಮನೆತನಗಳ ಪೆಟ್ಟಿಗೆಯಲ್ಲಿ, ಹರಾಜಿನಲ್ಲಿ, ಪ್ರಯೋಗಾಲಯದ ಸರ್ಟಿಫಿಕೇಟಿನೊಂದಿಗೆ ಕಾಣುವಂಥದ್ದು.

ಎರಡನೆಯದು: ಕಡಲಿನಲ್ಲಿ ಬೆಳೆಸಿದ ಮುತ್ತು

ಜಪಾನಿನ ಕೊಕಿಚಿ ಮಿಕಿಮೊಟೊ ಅನ್ನುವವರು 1893ರಲ್ಲಿ ಸಿಂಪಿಯೊಳಗೆ ಅರ್ಧ ದುಂಡಿನ ಮುತ್ತು ಬೆಳೆಸಿ ತೋರಿಸಿದರು. ಪೂರ್ತಿ ದುಂಡು ಮುತ್ತು ಬೆಳೆಸುವ ವಿದ್ಯೆ ಮುಂದಿನ ಶತಮಾನದ ಆರಂಭದಲ್ಲಿ ಜಪಾನಿನಲ್ಲೇ ಕೈಗೂಡಿತು. ವಿಧಾನ ಹೀಗೆ: ಚಿಪ್ಪಿನಿಂದ ಕಡೆದ ಸಣ್ಣ ಗುಂಡೊಂದನ್ನು, ಇನ್ನೊಂದು ಸಿಂಪಿಯ ಮೈಯ ಚೂರಿನ ಜೊತೆ, ಜೀವಂತ ಸಿಂಪಿಯೊಳಗೆ ಇಡುತ್ತಾರೆ. ಮತ್ತೆ ಅದನ್ನು ಕಡಲಿಗೆ ಬಿಡುತ್ತಾರೆ. ಸಿಂಪಿ ಆ ಗುಂಡಿನ ಸುತ್ತ ಪದರ ಸುತ್ತುತ್ತದೆ. ಇದನ್ನೇ ಕಲ್ಚರ್ ಮುತ್ತು ಅನ್ನುವುದು. ಜಪಾನಿನ ಮುತ್ತಿನ ಹೊಟ್ಟೆಯಲ್ಲಿ ಬಹಳ ಕಾಲ ಇರುತ್ತಿದ್ದ ಗುಂಡು ಅಮೆರಿಕದ ಮಿಸಿಸಿಪ್ಪಿ ಹೊಳೆಯ ಸೀಮೆಯ ಚಿಪ್ಪಿನದು!

ಕಲ್ಚರ್ ಮುತ್ತು ನಕಲಿ ಅಲ್ಲ. ಮಾವಿನ ಗಿಡ ಅಡವಿಯಲ್ಲಿ ತಾನಾಗಿ ಹುಟ್ಟಿದರೂ ಮಾವೇ, ತೋಟದಲ್ಲಿ ಕಸಿ ಕಟ್ಟಿ ಬೆಳೆಸಿದರೂ ಮಾವೇ. ಆದರೆ ಕಸಿ ಗಿಡದ ಹಣ್ಣನ್ನು ಅಡವಿಯ ಹಣ್ಣು ಅಂತ ಹೇಳಿ ಮಾರಬಾರದಷ್ಟೇ. 1921ರ ಸುಮಾರಿಗೆ ಈ ಮುತ್ತು ಲಂಡನ್, ಪ್ಯಾರಿಸ್ ಪೇಟೆಗೆ ಬಂದಾಗ ಹಳೆಯ ವ್ಯಾಪಾರಿಗಳು ಗದ್ದಲ ಎಬ್ಬಿಸಿದ್ದು ಇದೇ ಪ್ರಶ್ನೆಗೆ. ಮುಂದೆ ಜಾಗತಿಕ ಆರ್ಥಿಕ ಕುಸಿತವೂ ಬಂತು. 1932ರಲ್ಲಿ ಬಹರೈನಿನಲ್ಲಿ ಎಣ್ಣೆ ಸಿಕ್ಕಿತು. ಕಡಲಿಗೆ ಮುಳುಗುತ್ತಿದ್ದವರು ಎಣ್ಣೆ ಬಾವಿಯ ಕೆಲಸಕ್ಕೆ ಹೋದರು. ಕೊಲ್ಲಿಯ ಹಳೆಯ ಮುತ್ತಿನ ವ್ಯಾಪಾರ ಮಂಕಾಯಿತು.

ಈ ಜಾತಿಯಲ್ಲಿ ಮೂರು ಹೆಸರು ತಿಳಿದಿರಲಿ. ಜಪಾನಿನ ‘ಅಕೋಯಾ’: ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್, ಒಳ್ಳೆ ದುಂಡು, ಕನ್ನಡಿಯಂಥ ಹೊಳಪು. ‘ಸೌತ್ ಸೀ’: ಆಸ್ಟ್ರೇಲಿಯಾ, ಇಂಡೋನೇಷ್ಯಾ, ಫಿಲಿಪೈನ್ಸ್ ಕಡೆಯದು, ಬಿಳಿ ಇಲ್ಲವೇ ಬಂಗಾರದ ಬಣ್ಣ, ಗಾತ್ರದಲ್ಲಿ ದೊಡ್ಡದು. ‘ತಾಹಿತಿ’: ಕಪ್ಪು ತುಟಿಯ ಸಿಂಪಿಯಲ್ಲಿ ಬೆಳೆಸಿದ್ದು, ಬೂದಿ, ಹಸಿರು, ಕಪ್ಪು ಛಾಯೆಯದು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 1973ರಲ್ಲಿ ತೂತ್ತುಕುಡಿ ಸೀಮೆಯಲ್ಲಿ ದುಂಡು ಕಲ್ಚರ್ ಮುತ್ತು ಬೆಳೆಸಿ ತೋರಿಸಿದರು.

ಮೂರನೆಯದು: ಸಿಹಿನೀರಿನ ಮುತ್ತು

ನಮ್ಮ ಊರಿನ ಅಂಗಡಿಯಲ್ಲಿ ‘ಸಾಚಾ’ ಅಂತ ಸಿಗುವ ಸಾಧಾರಣ ಬೆಲೆಯ ಸರ ಬಹುತೇಕ ಈ ಜಾತಿಯದು. ಇದು ಕೆರೆ-ಹೊಂಡದ ಕಪ್ಪೆಚಿಪ್ಪಿನಲ್ಲಿ ಬೆಳೆದದ್ದು. ಇವತ್ತು ಲೋಕದ ಮುತ್ತಿನ ಬೆಳೆಯಲ್ಲಿ ಸಿಂಹಪಾಲು ಚೀನಾದ್ದು. ಅಲ್ಲಿಯ ಝೂಜಿ ಅನ್ನುವ ಊರು ಇದರ ದೊಡ್ಡ ಪೇಟೆ. ಕಡಲ ಸಿಂಪಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಮುತ್ತು ಕೊಟ್ಟರೆ, ಚೀನಾದ ಕಪ್ಪೆಚಿಪ್ಪು ಒಂದೇ ಸಲಕ್ಕೆ ಡಜನ್‌ಗಟ್ಟಲೆ ಕೊಡುತ್ತದೆ. ಅಗ್ಗವಾಗಲು ಇದೇ ಕಾರಣ. ನಮ್ಮಲ್ಲೂ ಭುವನೇಶ್ವರದ ಕೇಂದ್ರ ಸಿಹಿನೀರಿನ ಜಲಚರ ಸಾಕಣೆ ಸಂಸ್ಥೆ ಈ ವಿದ್ಯೆ ಕಲಿಸುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಸಿಹಿನೀರಿನ ಮುತ್ತಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಗುಂಡು ಇರುವುದಿಲ್ಲ, ಮೈಯ ಚೂರು ಮಾತ್ರ ಇಟ್ಟು ಬೆಳೆಸುತ್ತಾರೆ. ಹಾಗಾಗಿ ಅದು ಒಳಗಿನಿಂದ ಹೊರಗಿನವರೆಗೆ ಬಹುತೇಕ ಮುತ್ತೇ. ದುಬಾರಿಯ ಅಕೋಯಾದಲ್ಲಿ ಗುಂಡಿನ ಮೇಲಿನ ಮುತ್ತಿನ ಪದರ ಎಷ್ಟೋ ಸಲ ಒಂದು ಮಿಲಿಮೀಟರಿಗೂ ಕಡಿಮೆ! ಅಗ್ಗದ್ದೆಲ್ಲಾ ಖೊಟ್ಟಿ ಅನ್ನುವ ಲೆಕ್ಕ ಮುತ್ತಿನಲ್ಲಿ ನಡೆಯುವುದಿಲ್ಲ. ಮಧ್ಯಮ ವರ್ಗದವರು ಮಗಳ ಕೊರಳಿಗೆ ಸಿಹಿನೀರಿನ ಮುತ್ತು ಹಾಕಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಿಹಿನೀರಿನ ಮುತ್ತಿಗೆ ಅಕೋಯಾದ ರೊಕ್ಕ ಕೊಟ್ಟರೆ ಮಾತ್ರ ನಷ್ಟ.

ನಾಲ್ಕನೆಯದು: ಮುತ್ತೇ ಅಲ್ಲದ ಮುತ್ತು

ಗಾಜಿನ ಮಣಿ, ಪ್ಲಾಸ್ಟಿಕ್ ಮಣಿ, ಚಿಪ್ಪಿನ ಪುಡಿಯಿಂದ ಮಾಡಿದ ಮಣಿ. ಇವುಗಳ ಮೇಲೆ ಹೊಳೆಯುವ ಲೇಪ ಕೊಡುತ್ತಾರೆ. ಹಳೆಯ ಕಾಲದಲ್ಲಿ ಆ ಹೊಳಪನ್ನು ಮೀನಿನ ಹುರುಪೆಯಿಂದ ತೆಗೆಯುತ್ತಿದ್ದರು. ‘ಶೆಲ್ ಪರ್ಲ್’ ಅಂತ ಚೆಂದದ ಹೆಸರಿನಲ್ಲಿ ಮಾರುವುದೂ ಈ ಸಾಲಿಗೇ ಸೇರುತ್ತದೆ. ಅದು ಸಿಂಪಿಯ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಕಾರ್ಖಾನೆಯಲ್ಲಿ ಮಾಡಿದ ಗುಂಡು. ಜಾತ್ರೆಗೆ, ನಾಟಕಕ್ಕೆ, ಶಾಲೆಯ ಗ್ಯಾದರಿಂಗಿಗೆ ಇವು ಬೇಕೇ ಬೇಕು. ಇವುಗಳನ್ನು ಮಾರುವುದು ತಪ್ಪಲ್ಲ. ಸಾಚಾ ಅಂತ ಹೇಳಿ ಮಾರಿದರೆ ತಪ್ಪು.

ಊರಿನ ಹೆಸರು ಜಾತಿಯ ಹೆಸರಲ್ಲ

‘ಹೈದರಾಬಾದಿಂದು’ ಅಂದಾಕ್ಷಣ ತಲೆದೂಗುವವರು ಒಂದು ಮಾತು ಯೋಚಿಸಬೇಕು. ಹೈದರಾಬಾದಿಗೆ ಕಡಲೆಲ್ಲಿದೆ? ಬೇರೆ ಕಡೆಯಿಂದ ಬಂದ ಮುತ್ತಿಗೆ ತೂತು ಹಾಕುವುದು, ತೊಳೆದು ಬಿಳುಪು ಮಾಡುವುದು, ಗಾತ್ರ-ಬಣ್ಣ ನೋಡಿ ವಿಂಗಡಿಸುವುದು, ಸರ ಪೋಣಿಸುವುದು, ಈ ಕೆಲಸಗಳಲ್ಲಿ ಹೈದರಾಬಾದಿನವರು ನಿಪುಣರು. ಆದರೆ ಅಲ್ಲಿ ಪೋಣಿಸಿದ ಸರದಲ್ಲಿ ಚೀನಾದ ಸಿಹಿನೀರಿನ ಮುತ್ತೂ ಇರಬಹುದು, ಜಪಾನಿನ ಅಕೋಯಾವೂ ಇರಬಹುದು. ಇಳಕಲ್ಲಿನ ಅಂಗಡಿಯಲ್ಲಿ ಕೊಂಡದ್ದೆಲ್ಲಾ ಇಳಕಲ್ಲ ಸೀರೆ ಆಗುವುದಿಲ್ಲ, ಹಾಗೆಯೇ ಇದು.

ಬಣ್ಣದ್ದೂ ಅಷ್ಟೇ. ಕಪ್ಪು ಮುತ್ತು ಕಂಡಾಕ್ಷಣ ತಾಹಿತಿ ಅನ್ನಬೇಡಿ. ಸಿಹಿನೀರಿನ ಮುತ್ತಿಗೆ ಬಣ್ಣ ಹಾಕಿ ಕಪ್ಪು, ನೀಲಿ, ಬಂಗಾರದ ಬಣ್ಣ ಮಾಡುವುದು ಸಾಮಾನ್ಯ. ತೂತಿನ ಹತ್ತಿರ ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಸಂಶಯಪಡಬೇಕು.

ಚಂದ್ರನ ಬಲಕ್ಕೆಂದು ಜೋಯಿಸರ ಮಾತು ಕೇಳಿ ಬೆರಳಿಗೆ ಮುತ್ತಿನ ಉಂಗುರ ಹಾಕುವವರೂ ನಮ್ಮಲ್ಲಿ ಬಹಳ. ಅದು ಅವರವರ ನಂಬಿಕೆ. ಆದರೆ ‘ತಾನಾಗಿ ಹುಟ್ಟಿದ್ದೇ ಬೇಕು’ ಅಂತ ಹೇಳಿಸಿಕೊಂಡು ಹೋಗಿ, ಅದರ ಬೆಲೆ ಕೊಟ್ಟು, ಬೆಳೆಸಿದ್ದನ್ನು ತಂದರೆ ನಂಬಿಕೆಗೂ ಮೋಸ, ಕಿಸೆಗೂ ಮೋಸ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

‘ಕಣ್ಣಿದ್ದವರು ಕನಕಗಿರಿ ನೋಡಬೇಕು’ ಅನ್ನುತ್ತಾರೆ ನಮ್ಮ ಸೀಮೆಯಲ್ಲಿ. ಮುತ್ತು ನೋಡಲು ಬರೀ ಕಣ್ಣು ಸಾಲದು. ಕೈ ಬೇಕು, ಹಲ್ಲೂ ಬೇಕು!

ಒಂದು, ಹಲ್ಲಿನ ಪರೀಕ್ಷೆ. ಅಂಗಡಿಯವರನ್ನು ಕೇಳಿ, ಮುತ್ತನ್ನು ಮುಂದಿನ ಹಲ್ಲಿನ ಅಂಚಿಗೆ ಹಗುರಾಗಿ ಉಜ್ಜಬೇಕು. ಸಾಚಾ ಆದರೆ ಸಣ್ಣ ರವೆ ತಾಗಿದ ಹಾಗೆ ಗರಗರ ಅನಿಸುತ್ತದೆ. ಗಾಜು, ಪ್ಲಾಸ್ಟಿಕ್ ಆದರೆ ನುಣ್ಣಗೆ ಜಾರುತ್ತದೆ. ಹಲ್ಲಿಗೆ ಹಚ್ಚಲು ಹೇಸಿಗೆ ಆದರೆ ಎರಡು ಮುತ್ತುಗಳನ್ನೇ ಒಂದಕ್ಕೊಂದು ಮೆಲ್ಲಗೆ ಉಜ್ಜಿ ನೋಡಬಹುದು.

ಎರಡು, ತಂಪು ಮತ್ತು ತೂಕ. ಸಾಚಾ ಮುತ್ತು ಕೈಗೆ ತೆಗೆದುಕೊಂಡಾಗ ತಣ್ಣಗಿರುತ್ತದೆ, ನಿಧಾನವಾಗಿ ಬೆಚ್ಚಗಾಗುತ್ತದೆ. ಪ್ಲಾಸ್ಟಿಕ್ ಹಗುರು, ತಣ್ಣಗೂ ಇರುವುದಿಲ್ಲ. ಗಾಜು ತಣ್ಣಗೆ ಭಾರವಾಗಿಯೇ ಇರುತ್ತದೆ. ಅದಕ್ಕಾಗಿ ಇದೊಂದನ್ನೇ ನಂಬಿ ಕೂಡಬಾರದು.

ಮೂರು, ತೂತು. ಭೂತಗನ್ನಡಿ ಹಿಡಿದು ತೂತಿನ ಬಾಯಿ ನೋಡ್ರಿ. ನಕಲಿ ಆದರೆ ಅಲ್ಲಿ ಲೇಪ ಸುಲಿದು, ಒಳಗಿನ ಗಾಜೋ ಪ್ಲಾಸ್ಟಿಕ್ಕೋ ಇಣುಕುತ್ತದೆ. ಗುಂಡು ಇಟ್ಟು ಬೆಳೆಸಿದ ಮುತ್ತಾದರೆ ಗುಂಡಿಗೂ ಮೇಲಿನ ಪದರಕ್ಕೂ ನಡುವೆ ಗೆರೆ ಕಾಣಬಹುದು.

ನಾಲ್ಕು, ಸರದ ಹೊಂದಿಕೆ. ಅಗ್ಗದ ಸರದಲ್ಲಿ ಐವತ್ತು ಮುತ್ತು ಐವತ್ತೂ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಒಂದೇ ಸಮ ಇದ್ದರೆ ಹುಷಾರು. ಜೀವಂತ ಪ್ರಾಣಿ ಬೆಳೆಸಿದ್ದರಲ್ಲಿ ಸಣ್ಣ ಚುಕ್ಕಿ, ಗೀರು, ಓರೆ ಇದ್ದೇ ಇರುತ್ತದೆ.

ಮಾಡಬಾರದ ಪರೀಕ್ಷೆಗಳೂ ಇವೆ. ನಿಂಬೆಹಣ್ಣಿನ ರಸ, ವಿನಿಗರ್ ಹಾಕಿ ನೋಡುವುದು ಬೇಡ. ಸಾಚಾ ಮುತ್ತೇ ಹಾಳಾಗುತ್ತದೆ. ಬೆಂಕಿ ಹಿಡಿದು ತೋರಿಸುವುದನ್ನೂ ಒಪ್ಪಬೇಡಿ. ಪ್ಲಾಸ್ಟಿಕ್ ಕರಗೀತು, ಆದರೆ ಗಾಜಿನ ಮಣಿ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ!

ಈ ಎಲ್ಲಾ ಪರೀಕ್ಷೆಗಳಿಂದ ಮುತ್ತೋ ನಕಲಿಯೋ ಅನ್ನುವುದು ತಿಳಿಯುತ್ತದೆ. ತಾನಾಗಿ ಹುಟ್ಟಿದ್ದೋ ಬೆಳೆಸಿದ್ದೋ ಅನ್ನುವುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಎಲುಬು ಮುರಿದಾಗ ತೆಗೆಯುವ ಹಾಗೆ ಎಕ್ಸ್‌ರೇ ತೆಗೆಯಬೇಕು. ಮುಂಬೈ, ಜೈಪುರದಂಥ ಊರುಗಳ ರತ್ನ ಪರೀಕ್ಷಾ ಪ್ರಯೋಗಾಲಯಗಳು ಇದಕ್ಕೆ ಇವೆ. ಯಾರಾದರೂ ‘ಬಸರಾ ಮುತ್ತು’ ಅಂತ ದೊಡ್ಡ ಮೊತ್ತ ಕೇಳಿದರೆ, ಆ ಸರ್ಟಿಫಿಕೇಟು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ.

ಮುತ್ತಿಗೆ ಬಂಗಾರದ ದರ ಕೊಡಬೇಡಿ

ಇನ್ನು ನಷ್ಟ ಆಗುವ ಅಸಲಿ ಜಾಗಕ್ಕೆ ಬರೋಣ. ಮುತ್ತು ಕೂಡಿಸಿದ ಬಂಗಾರದ ಹಾರವನ್ನು ತಕ್ಕಡಿಗೆ ಹಾಕಿದರೆ ಬರುವುದು ಒಟ್ಟು ತೂಕ. 30 ಗ್ರಾಂ ಬಂತು ಅನ್ನಿ. ಅದರಲ್ಲಿ ಮುತ್ತು, ದಾರ, ಹರಳು ಸೇರಿ 6 ಗ್ರಾಂ ಇದ್ದರೆ ಬಂಗಾರ ಇರುವುದು 24 ಗ್ರಾಂ. ಬಿಲ್ಲು 30 ಗ್ರಾಂ ಬಂಗಾರದ ದರಕ್ಕೆ ಆದರೆ ನೀವು 6 ಗ್ರಾಂ ಮುತ್ತಿಗೂ ದಾರಕ್ಕೂ ಬಂಗಾರದ ಬೆಲೆ ತೆತ್ತ ಹಾಗಾಯಿತು. ಅದಕ್ಕೇ ಒಟ್ಟು ತೂಕ ಬೇರೆ, ಬಂಗಾರದ ನಿವ್ವಳ ತೂಕ ಬೇರೆ ಬರೆಸಿಕೊಳ್ಳಬೇಕು. ಮುತ್ತಿನ ಬೆಲೆ ಮೂರನೆಯ ಸಾಲಿನಲ್ಲಿ ಬರಲಿ.

‘ಕ್ಯಾರೆಟ್’ ಅನ್ನುವ ಮಾತಿನಲ್ಲೂ ಗೊಂದಲ ಇದೆ. 22 ಕ್ಯಾರೆಟ್ ಬಂಗಾರ ಅಂದರೆ ಅದು ಶುದ್ಧತೆಯ ಲೆಕ್ಕ. 5 ಕ್ಯಾರೆಟ್ ಮುತ್ತು ಅಂದರೆ ಅದು ತೂಕದ ಲೆಕ್ಕ, 5 ಕ್ಯಾರೆಟ್ ಸೇರಿದರೆ 1 ಗ್ರಾಂ. ಎರಡನ್ನೂ ಬೆರೆಸಬಾರದು.

ಹಾಲ್‌ಮಾರ್ಕ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. 2021ರ ಜೂನ್‌ನಿಂದ ದೇಶದಲ್ಲಿ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗುತ್ತಾ ಬಂತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ನಂಬರೂ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಆ ಮುದ್ರೆ ಬಂಗಾರದ ಬಗ್ಗೆ ಮಾತ್ರ ಮಾತಾಡುತ್ತದೆ. ಅದೇ ಹಾರದಲ್ಲಿ ಕೂತ ಮುತ್ತು ಜಪಾನಿನದೋ ಪ್ಲಾಸ್ಟಿಕ್ಕೋ ಅನ್ನುವುದನ್ನು ಅದು ಹೇಳುವುದಿಲ್ಲ.

ಇದರ ಬಿಸಿ ತಟ್ಟುವುದು ಕಷ್ಟಕಾಲದಲ್ಲಿ. ಮಳೆ ಕೈಕೊಟ್ಟ ವರ್ಷ, ಆಸ್ಪತ್ರೆಯ ಖರ್ಚು ಬಂದಾಗ, ಮಕ್ಕಳ ಫೀ ಕಟ್ಟುವಾಗ ನಮ್ಮ ಹೆಣ್ಣುಮಕ್ಕಳು ಮೊದಲು ಬಿಚ್ಚುವುದು ಕೊರಳಿನದನ್ನೇ. ಗಿರವಿ ಇಡಲು ಬ್ಯಾಂಕಿಗೋ ಸೊಸೈಟಿಗೋ ಹೋದರೆ ಅವರು ಲೆಕ್ಕ ಹಿಡಿಯುವುದು ಬಂಗಾರದ ತೂಕ ಮಾತ್ರ. ಮುತ್ತು, ಹರಳು, ದಾರ ಎಲ್ಲಾ ಕಳೆದುಬಿಡುತ್ತಾರೆ. ಲಗ್ನದಲ್ಲಿ ಸಾವಿರಗಟ್ಟಲೆ ಕೊಟ್ಟ ಮುತ್ತಿಗೆ ಅಲ್ಲಿ ಸೊನ್ನೆ. ಬರೀ ಮುತ್ತಿನ ಸರ ಒಯ್ದರೆ ಮುಟ್ಟುವುದೂ ಇಲ್ಲ. ಮುತ್ತು ಅಲಂಕಾರದ ವಸ್ತು, ಆಪತ್ತಿಗೆ ಆಗುವ ಗಂಟಲ್ಲ. ಆಪತ್ತಿಗೆಂದು ರೊಕ್ಕ ಕೂಡಿಡುವವರು ಅದನ್ನು ಬಂಗಾರದಲ್ಲಿ ಇಡಲಿ. ಚೆಂದಕ್ಕೆಂದು ಕೊಳ್ಳುವವರು ಚೆಂದಕ್ಕೆ ಆಗುವಷ್ಟೇ ಬೆಲೆ ಕೊಡಲಿ.

ಕೊಂಡ ಮೇಲೆ ಜೋಪಾನ

ಮುತ್ತಿಗೆ ಹುಳಿ ಆಗದು ಅಂತ ಮೇಲೆ ಹೇಳಿದೆ. ಬೆವರು, ಅತ್ತರು, ತಲೆಯ ಎಣ್ಣೆ, ಸೌಂದರ್ಯದ ಕ್ರೀಮು ಎಲ್ಲವೂ ಅದರ ಹೊಳಪು ತಿನ್ನುತ್ತವೆ. ನಮ್ಮ ಬೇಸಿಗೆಯಂತೂ ಕೇಳುವುದೇ ಬೇಡ. ಸಿಂಗಾರ ಎಲ್ಲಾ ಮುಗಿದ ಮೇಲೆ ಕಡೆಗೆ ಮುತ್ತಿನ ಸರ ಹಾಕಿ. ಮನೆಗೆ ಬಂದ ಮೇಲೆ ಮೊದಲು ಅದನ್ನೇ ತೆಗೆಯಿರಿ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ ಬೇರೆ ಚೀಲದಲ್ಲಿಡಿ. ಬಂಗಾರದ ಬಳೆಯ ಜೊತೆ ಇಟ್ಟರೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವರ್ಷಗಟ್ಟಲೆ ಬೀರುವಿನಲ್ಲಿ ಮರೆತುಬಿಡುವುದೂ ಒಳ್ಳೆಯದಲ್ಲ, ಆಗಾಗ ಹಾಕಿಕೊಳ್ಳಬೇಕು.

ಒಡವೆ ತೊಳೆಯಲು, ಬೆಸುಗೆ ಹಾಕಲು ಪತ್ತಾರರ ಬಳಿ ಕೊಡುವಾಗ ಮುತ್ತು ಬಿಚ್ಚಿಸಿಯೇ ಕೊಡಿ. ಬಂಗಾರ ಬೆಳಗುವ ಹುಣಸೆಹುಳಿ, ಆಸಿಡ್ ಮುತ್ತಿಗೆ ವಿಷ. ಬೆಸುಗೆಯ ಬೆಂಕಿಯೂ ಅಷ್ಟೇ.

ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಕಿವಿಮಾತು. ಸರ ಪೋಣಿಸುವಾಗ ಪ್ರತಿ ಮುತ್ತಿನ ನಡುವೆ ಒಂದು ಗಂಟು ಹಾಕಿಸಿ. ಕುಷ್ಟಗಿ ಬಸ್ಸಿನ ನೂಕಾಟದಲ್ಲಿ ದಾರ ಹರಿದರೆ ಗಂಟಿದ್ದ ಸರದಿಂದ ಬೀಳುವುದು ಒಂದೇ ಮುತ್ತು. ಗಂಟಿಲ್ಲದಿದ್ದರೆ ಸರಕ್ಕೆ ಸರವೇ ಸೀಟಿನ ಕೆಳಗೆ ಉರುಳುತ್ತದೆ. ಗಂಟಿದ್ದರೆ ಮುತ್ತಿಗೆ ಮುತ್ತು ಉಜ್ಜಿ ಸವೆಯುವುದೂ ತಪ್ಪುತ್ತದೆ. ದಿನಾ ಹಾಕುವವರು ವರ್ಷಕ್ಕೊಮ್ಮೆ ದಾರ ಬದಲಿಸುವುದು ಲೇಸು.

ಅಂಗಡಿಯವರಿಗೂ ಒಂದು ಮಾತು

ಈ ಬರಹ ಓದಿ ಅಂಗಡಿಕಾರರು ಬೇಸರ ಮಾಡಿಕೊಳ್ಳಬಾರದು. ಹೈದರಾಬಾದಿನಿಂದಲೋ ಮುಂಬೈಯಿಂದಲೋ ಸಗಟು ಮಾಲು ತರುವಾಗ ಅವರಿಗೂ ಬರೀ ‘ಮುತ್ತು’ ಅಂತ ಬರೆದ ಚೀಟಿ ಸಿಕ್ಕಬಹುದು. ಕೇಳಬೇಕಾದ ಪ್ರಶ್ನೆಯನ್ನು ಅಲ್ಲಿಂದಲೇ ಕೇಳಿಕೊಂಡು ಬರಬೇಕು. ಜಾಗತಿಕ ಆಭರಣ ವ್ಯಾಪಾರಿಗಳ ಒಕ್ಕೂಟವಾದ ಸಿಬ್ಜೋದ ನಿಯಮ ಬಹಳ ಸರಳ. ಬರೀ ‘ಮುತ್ತು’ ಅಂದರೆ ತಾನಾಗಿ ಹುಟ್ಟಿದ್ದು ಅಂತ ಅರ್ಥ. ಬೆಳೆಸಿದ್ದಾದರೆ ‘ಕಲ್ಚರ್’ ಅನ್ನುವ ಮಾತು ಸೇರಿಸಲೇಬೇಕು. ನಕಲಿ ಆದರೆ ನಕಲಿ ಅಂತ ಹೇಳಲೇಬೇಕು.

ನಮ್ಮ ಅಂಗಡಿಗಳಲ್ಲಿ ಮೂರು ಟ್ರೇಗೆ ಮೂರು ಚೀಟಿ ಅಂಟಿಸಿದರೆ ಸಾಕು: ‘ಕಡಲ ಕಲ್ಚರ್’, ‘ಸಿಹಿನೀರು ಕಲ್ಚರ್’, ‘ನಕಲಿ’. ಇದರಿಂದ ವ್ಯಾಪಾರ ಕಡಿಮೆಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಒಂದು ಸಲ ಮೋಸ ಹೋದೆ ಅಂತ ಅನಿಸಿದ ಗಿರಾಕಿ ಮುತ್ತಿನ ಜೊತೆ ಬಂಗಾರಕ್ಕೂ ಬೇರೆ ಅಂಗಡಿ ಹುಡುಕುತ್ತಾನೆ. ಖರೆ ಹೇಳಿ ಕೊಟ್ಟವರ ಅಂಗಡಿಗೆ ಮೊಮ್ಮಕ್ಕಳ ಲಗ್ನಕ್ಕೂ ಬರುತ್ತಾನೆ.

ಬಿಲ್ಲಿನಲ್ಲಿ ಏನಿರಬೇಕು?

ಇಷ್ಟು ಬರೆಸಿಕೊಳ್ಳಿ. ಮುತ್ತಿನ ಜಾತಿ: ಸಿಹಿನೀರಿನ ಕಲ್ಚರ್ ಅಥವಾ ಕಡಲ ಕಲ್ಚರ್, ಕಡಲಿನದಾದರೆ ಅಕೋಯಾವೋ ಬೇರೆಯೋ. ಅಳತೆ ಎಷ್ಟು ಮಿಲಿಮೀಟರ್. ಬಣ್ಣ ಸಹಜವೋ ಹಾಕಿದ್ದೋ. ಮುತ್ತಿನ ತೂಕ, ಮುತ್ತಿನ ಬೆಲೆ. ಬಂಗಾರವಿದ್ದರೆ ಅದರ ನಿವ್ವಳ ತೂಕ, ಶುದ್ಧತೆ, ಎಚ್‌ಯುಐಡಿ ನಂಬರು, ಮಜೂರಿ. ವಾಪಸ್ ಕೊಟ್ಟರೆ ಮುತ್ತಿಗೆ ಎಷ್ಟು ಕಳೆಯುತ್ತಾರೆ ಅನ್ನುವುದನ್ನೂ ಕೇಳಿಡಿ. ಬರೆಯಲು ಹಿಂದೆ-ಮುಂದೆ ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು ಅಂತ ತಿಳಿಯಿರಿ.

ಬಿಲ್ಲಿನಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು ಆದರೆ ಸುಮ್ಮನೆ ಕೂಡಬೇಕಿಲ್ಲ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ನಿಮ್ಮ ಕಡೆ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಂಡ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ. ಬಿಳಿ ಚೀಟಿಯ ಮೇಲೆ ‘ಮುತ್ತಿನ ಸರ-1’ ಅಂತ ಗೀಚಿದ್ದನ್ನು ಹಿಡಿದು ಹೋದರೆ ವಾದಕ್ಕೆ ಬಲ ಬರುವುದಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಗಾದೆ ಇದೆ. ಅಂಗಡಿಯ ಗಾದಿಯ ಮೇಲೆ ಆಡಿದ ಮಾತು ಹೋಗಿಯೇ ಹೋಗುತ್ತದೆ. ಬಿಲ್ಲಿನ ಮೇಲೆ ಬರೆದದ್ದು ಉಳಿಯುತ್ತದೆ. ಈ ಹಂಗಾಮಿನಲ್ಲಿ ಅಂಗಡಿಗೆ ಹೋಗುವವರು ರೊಕ್ಕ ಎಣಿಸುವ ಮುಂಚೆ ಎರಡೇ ಮಾತು ಕೇಳಲಿ: “ಯಾವ ಮುತ್ತು ರೀ? ಬಿಲ್ಲಿನಾಗ ಬರದು ಕೊಡ್ರಿ.”